ಎದ್ದು ನಿಂತ ಹಚ್ಚೆ

ಹೊಸ ಅಗ್ರಹಾರ
೮-೩-೧೯೯೯

ಮುದ್ದಿನ ಮಗಳು ಪ್ರಮೀಳಾ,

ನೀನು, ಕೂಸು, ಅಳಿಯಂದಿರು, ಬೀಗಿತ್ತಿ ಚಾಮುಂಡಮ್ಮನವರು ಎಲ್ಲರೂ ಪಿರಿಯಾಪಟ್ಟಣದಲ್ಲಿ ಕ್ಷೇಮವೆಂದು ನಂಬಿದ್ದೇನೆ. ಬೆನ್ನಿಗೆ ಬಿಸಿನೀರು ಬೀಳುತ್ತಿದೆಯೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೇ? ಕೂಸು ಗಟ್ಟಿಯಾಗಿ ಅತ್ತರೆ ಅಳಲಿ, ತಡೆಯಬೇಡ. ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸುವ ಕಂಠ ನಮ್ಮ ವಂಶದ್ದು.

ನಿನ್ನ ಸಿಟ್ಟು ನನಗೆ ಗೊತ್ತು. ಚೊಚ್ಚಲ ಬಾಣಂತನಕ್ಕೆ ತವರಿನಿಂದ ಯಾರೂ ಕರೆಯಲು ಬರಲಿಲ್ಲ. ಆಸ್ಪತ್ರೆಗೆ ಬಂದ ನಿನ್ನವ್ವ ಬಾಗಿಲಲ್ಲೇ ನಿಂತು, ಕೂಸನ್ನು ಮುಟ್ಟದೆ, "ಮಂಡಿನೋವು ಕಣವ್ವ, ನಂಗಾಗಕ್ಕಿಲ್ಲ" ಎಂದು ಬಸ್ಸು ಹತ್ತಿದಳು. ಅವಳ ಮಂಡಿಗೆ ಏನೂ ಆಗಿರಲಿಲ್ಲ. ಈಗ ತೆರೆ ಸರಿಸುತ್ತೇನೆ, ಕೇಳು.

ದೀಪಾವಳಿ ಕಳೆದ ಮೇಲೆ ಅವಳ ಮುಂಗೈಯ ಹಚ್ಚೆ ಎದ್ದು ನಿಂತಿತು. ಮದುವೆಗೆ ಮುಂಚೆ ಚುಚ್ಚಿಸಿಕೊಂಡ ತುಳಸಿಕಟ್ಟೆ, ಇಷ್ಟು ವರ್ಷ ಚರ್ಮದೊಳಗೆ ತೆಪ್ಪಗೆ ಮಲಗಿದ್ದದ್ದು, ಗೆರೆಗೆರೆಯೂ ಕಡಲೆ ಪೋಣಿಸಿದಂತೆ ಉಬ್ಬಿತು. ನೋವಿಲ್ಲ, ಕೀವಿಲ್ಲ. ಪಕ್ಕದ ಮನೆ ಕುಳ್ಳಮ್ಮ ಕಂಡವಳೇ, "ಅಚ್ಚೆಗೆ ಜೀವ ಬಂದದೆ ಕಣ್ ವೀರಕ್ಕ, ಮಾರಮ್ಮ ಎದ್ದವ್ಳೆ" ಎಂದು ಅರಿಶಿನ ಕುಂಕುಮ ತಂದು ಆ ಕೈಗೇ ಪೂಜೆ ಮಾಡಿದಳು. ಆಮೇಲೆ ಮಂಗಳವಾರ ಬಂತೆಂದರೆ ನಮ್ಮ ಜಗಲಿಯ ತುಂಬ ಹಣ್ಣುಕಾಯಿ ಹಿಡಿದ ಹೆಂಗಸರು. ನಾಟಕದಲ್ಲಿ ಕಿರೀಟ ಹೊತ್ತು ದೇವಾದಿದೇವತೆಗಳಿಗೇ ಸವಾಲು ಹಾಕುವ ನಿನ್ನಪ್ಪ, ಮನೆಯಲ್ಲಿ ಕರ್ಪೂರ ಹಚ್ಚಿಕೊಡುವ ಪಾತ್ರಕ್ಕೆ ಇಳಿದ.

ನಿನ್ನವ್ವನ ಎದೆಯೊಳಗೆ ಬೇರೆಯದೇ ನಡೆದಿತ್ತು. ಅವಳ ಸೋದರತ್ತೆ ಕುಷ್ಠ ಬಂದು ಊರಾಚೆಯ ಗುಡಿಸಲಿನಲ್ಲಿದ್ದುದನ್ನು ಚಿಕ್ಕಂದಿನಲ್ಲಿ ಕಂಡವಳು. "ದೇವ್ರಲ್ಲ ಕಣ್ರೀ ಇದು, ಅದೇ ಕಾಯ್ಲೆ. ಕೂಸ್ಗೂ ಅಂಟುಸ್ಲಾ?" ಎಂದು ನನ್ನನ್ನೇ ಕೇಳಿದಳು.

ನಿನ್ನನ್ನು ನೋಡಿಕೊಂಡು ಬಂದ ವಾರದಲ್ಲೇ ಅವಳ ಕಣ್ಣು ಕೆಂಪಾಯಿತು. ಅತ್ತೂ ಅತ್ತೂ ಹಾಗಾಯಿತೆಂದುಕೊಂಡೆ. ಆದರೆ ಬೆಳಕು ಕಂಡರೆ ಮುಖ ತಿರುಗಿಸುವಳು, ಎದುರಿಗೆ ನಿಂತ ನಾನೇ ಮಂಜುಮಂಜು. ಮೈಸೂರಿಗೆ ಕರೆದೊಯ್ದೆ. ಕಣ್ಣು ನೋಡಿದ ಡಾಕ್ಟರಮ್ಮ, ಸೆರಗಿನಲ್ಲಿ ಬಚ್ಚಿಟ್ಟಿದ್ದ ಕೈಯನ್ನೂ ನೋಡಿ, ಹಚ್ಚೆಯಿಂದ ಅಕ್ಕಿಕಾಳಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಕುಷ್ಠವಲ್ಲ, ಕ್ಷಯವಲ್ಲ, ಕ್ಯಾನ್ಸರೂ ಅಲ್ಲ. ಸಾರ್ಕಾಯ್ಡೋಸಿಸ್ ಅಂತೆ. ರಾಕ್ಷಸನಿಗೆ ಇಡಬಹುದಾದ ಹೆಸರು ಕಣಮ್ಮ. ನಾನದನ್ನು ಹೊಟ್ಟೆಯಾಳದಿಂದ ಎತ್ತಿ ಹೇಳಿದ್ದಕ್ಕೆ ವರಾಂಡದವರೆಲ್ಲ ತಿರುಗಿ ನೋಡಿದರು. "ಮೆತ್ತುಗ್ ಮಾತಾಡಿ, ಇದೇನ್ ನಾಟ್ಕದ್ ಚಪ್ರವಾ?" ಎಂದಳು ನಿನ್ನವ್ವ. ಅವಳು ನನ್ನನ್ನು ಗದರಿ ಎಷ್ಟು ಕಾಲವಾಗಿತ್ತೋ, ಪ್ರಾಣ ತಂಪಾಯಿತು.

ಹೆಚ್ಚಾಗಿ ಶ್ವಾಸಕೋಶದಲ್ಲಿ ಸಣ್ಣಸಣ್ಣ ಗಂಟುಗಳಾಗಿ ಕಾಣಿಸಿಕೊಳ್ಳುವ ಈ ರೋಗ ಇವಳಲ್ಲಿ ಹಚ್ಚೆಯಿಂದಲೂ ಕಣ್ಣಿಂದಲೂ ರಂಗಪ್ರವೇಶ ಮಾಡಿದೆ. ಎದೆಯ ಎಕ್ಸ್‌ರೇ ಸದ್ಯಕ್ಕೆ ಚೊಕ್ಕವಾಗಿದೆ, ಆಗಾಗ ತೋರಿಸುತ್ತಿರಬೇಕು. ಮಾತ್ರೆ, ಕಣ್ಣಿನ ಹನಿ ನಡೆದಿದೆ. ಈಗ ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಕಾಣುತ್ತದೆ. ಮಾತ್ರೆಗೆ ಮುಖ ತುಸು ಊದಿದೆ, ಹಸಿವು ಜಾಸ್ತಿ, ನನ್ನ ತಟ್ಟೆಯ ಮುದ್ದೆಗೂ ಕೈ ಹಾಕುತ್ತಾಳೆ. ಹಚ್ಚೆ ಇಳಿಯುತ್ತಿದೆಯೆಂದು ಕುಳ್ಳಮ್ಮನಿಗೊಬ್ಬಳಿಗೇ ಬೇಸರ.

ಅಳಿಯಂದಿರಿಗೂ ಬೀಗಿತ್ತಿಯವರಿಗೂ ನಮ್ಮಿಬ್ಬರ ನಮಸ್ಕಾರ. ಕೂಸು ನೂರ್ಕಾಲ ಬಾಳಲಿ.

ನಿನ್ನಪ್ಪ
ಚಲುವಯ್ಯ

ತಾ.ಕ.: ಅಂಚೆಯಣ್ಣ ಬಾಗಿಲಲ್ಲಿ ನಿಂತಿದ್ದಾನೆ. ಇದು ಅಂಟುವ ರೋಗವಲ್ಲ, ಕೂಸನ್ನು ಧಾರಾಳವಾಗಿ ಎತ್ತಿಕೊಳ್ಳಿ ಎಂದು ಡಾಕ್ಟರಮ್ಮನೇ ಹೇಳಿದ್ದಾರೆ. ಬೀಗಿತ್ತಿಯವರಿಗೆ ಓದಿ ಹೇಳು. ಭಾನುವಾರ ಕಾರು ಮಾಡಿಕೊಂಡು ಇಬ್ಬರೂ ನಿನ್ನನ್ನು ಕರೆಯಲು ಬರುತ್ತೇವೆ. ಹಂಡೆ ಕಾಯಿಸಿಡು, ಆದರೆ ಬೆಳಿಗ್ಗೆ ಕೂಸಿಗೆ ನೀರು ಹಾಕಿಬಿಡಬೇಡ. ನಿನ್ನವ್ವ ಬಂದು ಹಾಕುತ್ತಾಳೆ.