ಚಟ್ನಿ ಕೇಳುವಾಗ ‘ಅಣ್ಣಾ’ ಎನ್ನಿಸಬೇಡಿ

ಹರಿಹರ,
ಫೆಬ್ರವರಿ ೩೧, ಕೂಡುವರ್ಷ ೩೧೮

‘ಕೊಡಲಿ ಕೆಂಚ’ ಚಿತ್ರಕ್ಕೆ ಸಂಭಾಷಣೆ ಬರೆಯುತ್ತಿರುವ ಮಾನ್ಯರಿಗೆ,

ತಾರೀಖು ಕಂಡು ನಗಬೇಡಿ. ನಿಮ್ಮ ಕಾಲದ ಧಾರಾವಾಹಿಯೊಂದರಲ್ಲಿ ಯಾರೋ ಅವಸರಕ್ಕೆ ಬಿದ್ದು ಲಗ್ನಪತ್ರಿಕೆಯ ಮೇಲೆ ಫೆಬ್ರವರಿ ಮೂವತ್ತೊಂದು ಎಂದು ಅಚ್ಚು ಹಾಕಿಸಿದರು. ತೆರೆಯ ಮೇಲೆ ಬಂದದ್ದು ಸುಳ್ಳಾಗುವಂತಿಲ್ಲ. ಹಾಗಾಗಿ ನಾವು ಪಂಚಾಂಗವನ್ನೇ ತಿದ್ದಿಕೊಂಡೆವು. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ಮುನ್ನೂರು ವರ್ಷ ದಾಟಿ ಬರುವಷ್ಟರಲ್ಲಿ ನಾಲಿಗೆಯೂ ಕೊಂಚ ಸೊಟ್ಟಗಾಗುತ್ತದೆ.

ನಿಮ್ಮಲ್ಲಿ ಒಂದು ಚಿತ್ರದ ನಾಯಕ ಇನ್ನೊಂದು ಚಿತ್ರದೊಳಕ್ಕೆ ಎರಡು ನಿಮಿಷ ಬಂದು ಹೋದರೆ ಜನ ಶಿಳ್ಳೆ ಹೊಡೆಯುತ್ತಿದ್ದರಂತೆ. ನಮ್ಮಲ್ಲಿ ಬಂದವನು ಹೋಗುವುದೇ ಇಲ್ಲ. ಎಲ್ಲ ಚಿತ್ರ, ಎಲ್ಲ ಧಾರಾವಾಹಿ ಸೇರಿ ಒಂದೇ ಕಥೆಯಾಗಿದೆ. ಅದಕ್ಕೆ ಕೂಡುಲೋಕ ಎನ್ನುತ್ತೇವೆ, ಅದರೊಳಗೇ ಬದುಕುತ್ತೇವೆ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರಿನ ಜೊತೆ ಒಂದು ಪಾತ್ರವನ್ನೂ ಕಿವಿಯಲ್ಲಿ ಉಸುರುತ್ತಾರೆ. ಅವಳಿ ಹುಟ್ಟಿದರೆ ದ್ವಿಪಾತ್ರವೆಂದೇ ಅರ್ಥ. ಒಂದರ ಕೆನ್ನೆಗೆ ಮಚ್ಚೆ ಚುಚ್ಚಿಸಿ ಖಳನಾಗಿ ಬೆಳೆಸುತ್ತಾರೆ. ಪಾತ್ರಕ್ಕೆ ಹೊಡೆದಾಟ ಬಂದರೆ ಹೊಡೆದಾಟವೇ. ರಕ್ತಕ್ಕೆ ಬಾಟಲಿಯ ಬಣ್ಣವಿಲ್ಲ, ಬಿದ್ದವನಿಗೆ ಹಾಸಿಗೆಯಿಲ್ಲ, ‘ಕಟ್’ ಎನ್ನುವ ಪುಣ್ಯಾತ್ಮನಂತೂ ಇಲ್ಲವೇ ಇಲ್ಲ.

ನಾನು ಹಾಲೇಶ, ವಯಸ್ಸು ನಲವತ್ತಾರು, ವೃತ್ತಿ ಬೆಸುಗೆಗಾರ. ಎಂದರೆ ಎರಡು ಕಥೆಗಳ ನಡುವೆ ನಂಟು ಹುಡುಕಿ ಬೆಸೆಯುವವನು. ಹರಿಯನ್ನೂ ಹರನನ್ನೂ ಒಂದೇ ಕಲ್ಲಿನಲ್ಲಿ ನಿಲ್ಲಿಸಿದ ಊರಿನವನು, ಈ ಕೆಲಸ ನನ್ನ ರಕ್ತದಲ್ಲೇ ಇದೆ ಎಂದು ಜಂಬಪಡುತ್ತಿದ್ದೆ. ಈಗ ರಕ್ತ ಮನೆಯ ನೆಲದ ಮೇಲಿದೆ.

ನಂಟಿಗೆ ನಮ್ಮದು ಒಂದೇ ನಿಯಮ: ತೆರೆಯ ಮೇಲಾಗಲಿ ಬೀದಿಯಲ್ಲಾಗಲಿ, ಯಾರು ಯಾರನ್ನು ಏನೆಂದು ಕರೆದರೋ ಅದೇ ಸಂಬಂಧ. ಹೋದ ವರ್ಷ ನಿಮ್ಮ ಚಿತ್ರದ ಹರಕು ಪ್ರತಿಯೊಂದು ನನಗೆ ಸಿಕ್ಕಿತು. ಅದರಲ್ಲಿ ಕೆಂಚ ಕೈಯ ರಕ್ತ ತೊಳೆದುಕೊಂಡು ಹೋಟೆಲಿನಲ್ಲಿ ಕೂತು, ಇಡ್ಲಿ ತಂದ ಸಪ್ಲೈಯರ್ ಪಾಂಡುವಿಗೆ ‘ಅಣ್ಣಾ, ಸ್ವಲ್ಪ ಚಟ್ನಿ ಹಾಕಿ’ ಎನ್ನುತ್ತಾನೆ. ಆ ಹೋಟೆಲು, ಆ ಪಾಂಡು ಬೇರೊಂದು ಧಾರಾವಾಹಿಯಿಂದ ಬಂದವರು. ಅಲ್ಲಿ ಹೋಟೆಲಿನ ಒಡತಿ ಪದ್ಮಾವತಿ ಸಾಂಬಾರಿಗೆ ವಿಷ ಬೆರೆಸಿ ಪಾಂಡುವನ್ನು ಕೊಲ್ಲುತ್ತಾಳೆ. ನಾನು ಕುಣಿದಾಡಿಬಿಟ್ಟೆ. ಪಾಂಡು ಕೆಂಚನ ಒಡಹುಟ್ಟಿದ ಅಣ್ಣ ಎಂದು ಬೆಸುಗೆಪತ್ರ ಬರೆದು ಮೊಹರು ಒತ್ತಿದೆ. ಅಣ್ಣನನ್ನು ಕೊಂದವಳನ್ನು ಇನ್ನು ನಮ್ಮಲ್ಲಿ ಕೆಂಚನ ಕಡೆಯ ಪಾತ್ರ ಹೊತ್ತವರು ಕೊಲ್ಲಲೇಬೇಕು.

ಪದ್ಮಾವತಿಯ ಪಾತ್ರ ಹೊತ್ತವಳು ನನ್ನ ತಂಗಿ ಕೊಟ್ರಮ್ಮ. ಅವಳ ಕಿವಿಯಲ್ಲಿ ಆ ಪಾತ್ರ ಉಸುರಿದಾಗ ತೊಟ್ಟಿಲು ತೂಗಿದವನು ನಾನೇ. ಕೆಲಸದ ಅಮಲಿನಲ್ಲಿ ಪದ್ಮಾವತಿ ಎಂಬುದು ಬರೀ ಹೆಸರಾಗಿ ಕಂಡಿತು.

ನಾವು ಅಪರಿಚಿತರನ್ನು ‘ಎದುರಿನವರೇ’ ಎನ್ನುತ್ತೇವೆ. ಜೀವ ಹೋದರೂ ಅಣ್ಣ, ಅಕ್ಕ ಎನ್ನುವುದಿಲ್ಲ. ನೀವು ಬಸ್ಸಿನ ಕಂಡಕ್ಟರಿಗೂ ಅಣ್ಣ ಎನ್ನುತ್ತಿದ್ದಿರೆಂಬುದು ನನಗೆ ಹೊಳೆಯಲಿಲ್ಲ. ಕೊಟ್ರಮ್ಮನಿಗೆ ಹೊಳೆಯಿತು. ‘ನಿನ್ ತಲೆ! ಅದು ನಂಟಲ್ಲೋ, ಬೆಣ್ಣೆ. ಚಟ್ನಿ ಬೇಕಾದೋನು ಹಚ್ದೇ ಇರ್ತಾನೇನು?’ ಎಂದಳು. ಅಷ್ಟರಲ್ಲಿ ಮೊಹರು ಒಣಗಿತ್ತು, ಅದನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ.

ಮೊನ್ನೆ ತುಂಗಭದ್ರೆಯ ಸೇತುವೆಯ ಮೇಲೆ ಕೆಂಚನ ಕಡೆಯವರೂ ಪದ್ಮಾವತಿಯ ಕಡೆಯವರೂ ಎದುರಾದರು. ಭುಜಕ್ಕೆ ಮಚ್ಚು ಬಿದ್ದರೆ ಹಸಿ ಸೌದೆ ಸೀಳಿದ ಸದ್ದೇ ಬರುತ್ತದೆಂದು ಅಂದು ಗೊತ್ತಾಯಿತು. ಪಕ್ಕದ ಮನೆಯ ದರ್ಜಿ ಹೊರಬಂದ ಕರುಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚಪ್ಪಲಿ ಎಲ್ಲಿ ಬಿತ್ತೆಂದು ಹುಡುಕುತ್ತಿದ್ದ. ಹುಡುಕುತ್ತಲೇ ಕುಸಿದ. ನಲವತ್ತೊಂದು ಹೆಣ, ಒಂದು ಸೌಟು ಚಟ್ನಿಯ ಕಾರಣಕ್ಕೆ.

ಇವತ್ತು ಬೆಳಗ್ಗೆ ಕೆಂಚನ ಕಡೆಯ ಉಚ್ಚಂಗೆಪ್ಪ ನಮ್ಮ ಹಿತ್ತಿಲ ಬಾಗಿಲು ಒಡೆದು ನುಗ್ಗಿದ. ಸೇತುವೆಯ ಮೇಲೆ ಬಿದ್ದ ಏಟಿಗೆ ದವಡೆ ಸೀಳಿ ಹಲ್ಲು ಕಾಣುತ್ತಿದ್ದವು. ಕೊಟ್ರಮ್ಮನ ನೆತ್ತಿಗೆ ಕೊಡಲಿ ಎತ್ತಿದವನು ಗೋಡೆಗೆ ಒರಗಿಬಿಟ್ಟ. ‘ಅಕ್ಕಾ... ನೀರು’ ಎಂದ. ಅವಳು ಚೊಂಬು ಕೊಟ್ಟಳು. ಕುಡಿದ ನೀರಲ್ಲಿ ಅರ್ಧ ಕೆನ್ನೆಯಿಂದಲೇ ಸೋರಿತು. ಅವನು ಕೊಡಲಿಯನ್ನು ಅವಳ ಕಾಲ ಬಳಿ ಇಟ್ಟುಬಿಟ್ಟ.

ಅವನ ಹಿಂದೆಯೇ ಬಂದ ಕೆಂಚನ ಕಡೆಯವರಲ್ಲೊಬ್ಬ ‘ಏನಲೇ, ಇವಳ್ನ ಅಕ್ಕ ಅಂದ್ಯಾ?’ ಎಂದು ಕೇಳಿದ.

‘ಬಾಯಾರಿತ್ತು ಕಣ್ರಲೇ’ ಎಂದ ಉಚ್ಚಂಗೆಪ್ಪ. ಅದೇ ಕೊನೆಯ ಮಾತು. ಕೊಲ್ಲಬೇಕಾದವಳಿಗೆ ತಮ್ಮನಾದನೆಂದು ಅವನ ಕುತ್ತಿಗೆಗೆ ಅವನ ಕೊಡಲಿಯನ್ನೇ ಎರಡು ಸಲ ಹಾಕಿದರು. ಆಮೇಲೆ ಕೊಟ್ರಮ್ಮನ ಕಡೆ ತಿರುಗಿ, ‘ಇವನು ಬೂದಿ ಆಗೋ ತನಕ ನೀನು ನಮ್ಮೋನ ಅಕ್ಕ, ಮುಟ್ಟಂಗಿಲ್ಲ. ಸುಟ್ಟು ಬರ್ತೀವಿ, ಇರು’ ಎಂದು ಹೆಣ ಹೊತ್ತುಕೊಂಡು ಹೋದರು.

ಈಗ ಮಧ್ಯಾಹ್ನ. ಹೊಳೆಯ ದಂಡೆಯಲ್ಲಿ ಹೊಗೆ ಏಳುತ್ತಿದೆ. ಊರಿನ ನಾಲ್ಕೂ ದಾರಿಗೆ ಕಾವಲಿದೆ. ಕೊಟ್ರಮ್ಮ ನೆಲ ಒರೆಸುತ್ತಿದ್ದಾಳೆ. ಅವನು ಕುಡಿದ ಚೊಂಬನ್ನು ಮಾತ್ರ ತೊಳೆದಿಲ್ಲ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಹಿನ್ನಂಚೆ ಬೆಸುಗೆಗಾರನಿಗೆ ಜನ್ಮದಲ್ಲಿ ಒಂದೇ ಸಲ ಸಿಗುತ್ತದೆ. ಅದನ್ನು ನಿಮಗಾಗಿ ಬಳಸುತ್ತಿದ್ದೇನೆ. ಆ ದೃಶ್ಯವನ್ನು ನೀವಿನ್ನೂ ಬರೆದಿರಲಾರಿರಿ. ಬರೆದಿದ್ದರೆ ಒಂದು ಪದ ಹೊಡೆದುಹಾಕಿ. ಕೆಂಚ ಬೆರಳು ತೋರಿಸಲಿ, ತಟ್ಟೆ ತಳ್ಳಲಿ, ಬೇಕಿದ್ದರೆ ಬರೀ ಇಡ್ಲಿ ತಿಂದು ಎದ್ದು ಹೋಗಲಿ. ಚಿತ್ರಕ್ಕೇನೂ ಊನವಾಗದು.

ಹೊಗೆ ತೆಳುವಾಗುತ್ತಿದೆ. ಮಾನ್ಯರೇ ಎಂದರೆ ನೀವು ಕದಲುತ್ತೀರೋ ಇಲ್ಲವೋ. ದಮ್ಮಯ್ಯ, ಹೊಡೆದುಹಾಕಿ, ಅಣ್ಣಾ.

ಕರೆದಾಯಿತು. ನಮ್ಮ ನಿಯಮದಂತೆ ಇನ್ನು ಅವಳು ನಿಮಗೂ ತಂಗಿ.

ಹಾಲೇಶ