ಬಾವಲಿ ಮರದ ಕೆಳಗೆ ಬಾಯಿ ಮುಚ್ಚಿದ ಚಳವಳಿ

ಅಕ್ಕಾ,

ಇಲ್ಲಿ ಆಸ್ಪತ್ರೆ ಎದುರಿನ ಮರದಲ್ಲಿ ಅಳಿವಿನಂಚಿನ ಬಾವಲಿಗಳಿವೆ. ದೊಡ್ಡವರ ಕಾರು ನಿಲ್ಲಿಸಲು ಆ ಮರವನ್ನೇ ಕಡಿಯಬೇಕಂತೆ. ಜನರನ್ನು ಎಬ್ಬಿಸಲು ನಾವು ಮರದ ಬುಡದಲ್ಲೇ ಮೈಕ್ ಹಿಡಿದು ಘೋಷಣೆ ಕೂಗಿದೆವು. ಜನ ಏಳಲಿಲ್ಲ, ಬಾವಲಿಗಳೆಲ್ಲ ಎದ್ದು ಹಾರಿಹೋದವು.

"ಇಲ್ಲದ ಬಾವಲಿಗೆ ಯಾಕ್ರೀ ಹೋರಾಟ? ಒಂದಾದ್ರೂ ತೋರಿಸಿ, ಮರ ಮುಟ್ಟಲ್ಲ," ಎಂದು ನಗರಸಭೆಯ ಸಾಹೇಬ ಎಲ್ಲರೆದುರು ನಕ್ಕ.

ಬಾವಲಿಗಳು ವಾಪಸ್ ಬರಲೆಂದು ಅಂದಿನಿಂದ ಬಾಯಿಗೆ ಬಟ್ಟೆ ಕಟ್ಟಿ ಧರಣಿ ಕೂತಿದ್ದೇವೆ. ನಮ್ಮ ಸಂಘಟನೆ ಹುಟ್ಟಿದಾಗಿನಿಂದ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಇಲ್ಲ. ಗಂಟಲಿಗೆ ಆರಾಮ, ಮಂಡಿಗೆ ನೋವು, ನೋವಿನೆಣ್ಣೆ ಕಳಿಸು.

ಇವತ್ತು ಸಾಹೇಬ ಮರ ಕಡಿಯುವವನನ್ನು ಕರೆತಂದ. ತಲೆಯೆತ್ತಿ, "ಎಲ್ಲಿದೆ?" ಎಂದ. ಹಿಕ್ಕೆ ನೇರ ಅವನ ಕನ್ನಡಕದ ಮೇಲೆ ಬಿತ್ತು.

"ಇದೆಯಲ್ಲ ಸ್ವಾಮಿ," ಎಂದು ಮರ ಕಡಿಯುವವನು ಗರಗಸವನ್ನು ಚೀಲಕ್ಕೆ ಹಾಕಿದ.

ಕಾರ್ಡು ತುಂಬಿತು.
ನಿನ್ನ ತಂಗಿ