ಜುಬೇದಾ ಕೊಪ್ಪಕ್ಕೆ ಹೋದ ವರ್ಷ

೧೧ ಜನವರಿ ೧೯೩೬, ಶನಿವಾರ, ಬೆಳಗ್ಗೆ

ಚಳಿ. ಬೆರಳು ಮಡಚೋಕೆ ಆಗ್ತಿಲ್ಲ. ಅಮಲ್ದಾರರ ಕೋಟಿಗೆ ಕಾಲರ್ ಕೂರಿಸಬೇಕು. ಎರಡು ಸಲ ಕೂರಿಸಿ ಎರಡು ಸಲ ಬಿಚ್ಚಿದೆ. ಪಿರಿಯಾಪಟ್ಟಣದಲ್ಲಿ ಟೈಲರ್ ಅಂತ ಕೂತು ಹದಿನೈದು ವರ್ಷ ಆಯ್ತು, ಕಾಲರ್ ಮಾತ್ರ ಇವತ್ತಿಗೂ ಸತಾಯಿಸುತ್ತೆ.

ಒಳಗೆ ಅಕ್ತರ್ ನೆನೆಸಿದ ಅವರೆಕಾಳು ಹಿಚುಕ್ತಿದಾಳೆ. ಜುಬೇದಾನೂ ಕೂತಿದಾಳೆ. ಅವಳು ಹಿಚುಕಿದ ಕಾಳು ಬಟ್ಟಲಿಗೆ ಬೀಳೋ ಬದಲು ನನ್ನ ಬೆನ್ನಿಗೆ ಬೀಳ್ತಿದೆ — ಗುರಿ ಇಟ್ಟೇ ಹೊಡೀತಾಳೆ. ಮುಂದಿನ ಹಲ್ಲು ಬಿದ್ದಿದೆ. ‘ಸ’ ಅನ್ನೋಕೆ ಹೋದ್ರೆ ಬರೀ ಗಾಳಿ.

ಮಡಿಕೇರಿ ದಾರಿಯ ಕೊಪ್ಪದಿಂದ ಅಣ್ಣ ಹೇಳಿಕಳಿಸಿದಾನೆ. ಶುಕ್ರವಾರ ಬರ್ತಾನಂತೆ. ಒಬ್ಬನೇ. ಮಾತಾಡೋದಿದೆಯಂತೆ. ಏನಿರಬಹುದು…

೧೭ ಜನವರಿ, ಶುಕ್ರವಾರ, ಸಂಜೆ

ಅಣ್ಣ ಬಂದು ಹೋದ. ಜುಮ್ಮಾ ನಮಾಜಿಗೆ ಜೊತೆಗೇ ಹೋದ್ವಿ. ಊಟ ಆಯ್ತು, ಎಲೆ ಅಡಿಕೆ ಆಯ್ತು. ಆಮೇಲೆ ಬಾಯಿಬಿಟ್ಟ. ಜುಬೇದಾನ ಕೊಪ್ಪಕ್ಕೆ ಕಳಿಸಬೇಕಂತೆ. ಇನ್ನು ಅಲ್ಲೇ ಇರಬೇಕಂತೆ.

ಜುಬೇದಾ ಅಣ್ಣನ ಮಗಳು. ಹೆತ್ತಿದ್ದು ಅತ್ತಿಗೆ ಬಷೀರಾಬಿ. ನಲವತ್ತು ದಿನದ ಕೂಸಾಗಿದ್ದಾಗ ನಮ್ಮನೆಗೆ ಬಂದಳು. ಈಗ ಆರೂವರೆ ವರ್ಷ. ನಮ್ಮನ್ನೇ ಅಬ್ಬಾ, ಅಮ್ಮಿ ಅಂತಾಳೆ. ಅವರಿಬ್ಬರು ಅವಳಿಗೆ ಬಡೇಅಬ್ಬಾ, ಬಡೀಮಾ — ದೊಡ್ಡಪ್ಪ, ದೊಡ್ಡಮ್ಮ. ಅವಳಿಗೆ ಗೊತ್ತಿರೋದು ಅಷ್ಟೇ. ಗೊತ್ತಿರೋದನ್ನೆಲ್ಲ ಯಾಕೆ ಬರೀತಿದೀನೋ. ಬರೆದ್ರೆ ತಲೆ ನೆಟ್ಟಗಾಗುತ್ತೇನೋ ಅಂತ.

ದೊಡ್ಡ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋದ್ರು, ಮನೆ ಭಣಗುಡ್ತಾ ಇದೆ, ಅತ್ತಿಗೆ ಹಗಲೆಲ್ಲ ಬಾಗಿಲಲ್ಲಿ ಕೂತಿರ್ತಾಳೆ ಅಂದ. ಆಮೇಲೆ ಅಂದ: “ಜೋಪಾನ ಮಾಡು ಅಂತ ನಿನ್ನ ಕೈಗೆ ಕೊಟ್ಟಿದ್ವಿ, ಸತ್ತಾರ್. ಮಾಡಿದೀಯ. ಇನ್ನು ಕಳಿಸಿಕೊಡು.”

ಪರದೆ ಹಿಂದಿಂದ ಅಕ್ತರ್ ದನಿ. “ಜೋಪಾನಕ್ಕಲ್ಲ ಭಾಯಿ. ನಮಗೇ ಅಂತ ಕೊಟ್ಟಿದ್ದು.”

ಅಣ್ಣ ನನ್ನ ಮುಖ ನೋಡಿದ. ಪರದೆ ಹಿಂದೆ ಅವಳೂ ನನ್ನ ಕಡೇನೇ ನೋಡ್ತಿರಬೇಕು. ನಾನು ಎಲೆ ಅಡಿಕೆ ತಟ್ಟೆ ಎತ್ತಿಟ್ಟೆ. ನೆನಪಿಲ್ಲ. ಆ ದಿನ ಯಾರು ಏನಂದ್ರು — ನಿಜಕ್ಕೂ ನೆನಪಿಲ್ಲ.

೧೮ ಜನವರಿ, ಶನಿವಾರ

ನೆನಪಿರೋದು ಇಷ್ಟು. ೧೯೨೯ನೇ ಇಸವಿ, ಶ್ರಾವಣದ ಮಳೆ. ಹೆರಿಗೆ ಆದಾಗಿಂದ ಅತ್ತಿಗೆಗೆ ಜ್ವರ. ಎದೆಹಾಲು ಬತ್ತಿಹೋಗಿತ್ತು. ಕೂಸು ಆಕಳ ಹಾಲಲ್ಲಿ ಅದ್ದಿದ ಬಟ್ಟೆ ಬತ್ತಿ ಚೀಪ್ತಾ ಇತ್ತು. ನಮಗೆ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಅಕ್ತರ್ ಕೂಸನ್ನ ಎತ್ತಿಕೊಂಡವಳು ಕೆಳಗೆ ಇಳಿಸಲೇ ಇಲ್ಲ. ಅಣ್ಣ “ಎತ್ಕೊಂಡು ಹೋಗಿ” ಅಂದ. ಇದು ನೆನಪಿದೆ. ಇದಾದ ಮೇಲೆ ಏನೋ ಅಂದ. ಅದೇ ಇಲ್ಲ. ಹಾರನಹಳ್ಳಿ ಮಂಚಯ್ಯನ ಗಾಡೀಲಿ ಬಂದ್ವಿ. ದಾರಿ ತುಂಬ ಕೊಡೆ ಹಿಡಿದೇ ಇದ್ದೆ, ಕೈ ಸೋತಿತ್ತು. ಕೊಡೆ ನೆನಪಿದೆ. ಮಾತು ನೆನಪಿಲ್ಲ.

೨ ಫೆಬ್ರವರಿ, ಭಾನುವಾರ

ಅಕ್ತರ್ ಹೇಳೋದು: “‘ಎತ್ಕೊಂಡು ಹೋಗಿ, ಇವತ್ತಿಂದ ನಿಮ್ಮದೇ’ ಅಂದ್ರು ಭಾಯಿ.” ಪ್ರತಿ ಸಲಾನೂ ಹೀಗೇ ಹೇಳ್ತಾಳೆ. ಒಂದಕ್ಷರ ಆಚೀಚೆ ಆಗಲ್ಲ. ಅಷ್ಟು ಸರಿಯಾಗಿ ನೆನಪಿರೋದೂ ಒಂಥರಾ ಅನುಮಾನ…

ಅಕ್ತರ್ ಬಗ್ಗೆ ಹೀಗೆ ಬರೀಬಾರದಿತ್ತು.

ಬಡೇಅಬ್ಬಾ ನನ್ನ ಹಲ್ಲು ಯಾಕೆ ಅಷ್ಟೊತ್ತು ನೋಡಿದ್ರು ಅಂತ ಜುಬೇದಾ ಕೇಳಿದಳು. ಹೊಸ ಹಲ್ಲು ಬಂತಾ ಅಂತ ನೋಡಿರಬೇಕು ಅಂದೆ.

೬ ಮಾರ್ಚ್, ಶುಕ್ರವಾರ

ಬಕ್ರೀದ್‌ಗೆ ಮೂವರೂ ಕೊಪ್ಪಕ್ಕೆ ಹೋಗಿದ್ವಿ. ಹೋಗದೇ ಇದ್ರೆ ತಪ್ಪಾಗೋದು. ಅತ್ತಿಗೆ ಜುಬೇದಾನ ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಮಧ್ಯಾಹ್ನ ಪೂರ್ತಿ ಬಾಚಿದಳು. ಇಬ್ಬರ ಗದ್ದ ಒಂದೇ. ಗದ್ದದ ನಡುವಿನ ಗುಳಿ ಕೂಡ. ಇಷ್ಟು ವರ್ಷ ನನಗೆ ಕಂಡೇ ಇರಲಿಲ್ಲ.

ವಾಪಸ್ ಬರುವಾಗ ಮೋಟಾರು ಬಸ್ಸಿನಲ್ಲಿ ಅಕ್ತರ್ ಜುಬೇದಾಳ ಜಡೆ ಬಿಚ್ಚಿ ಮತ್ತೆ ತಾನೇ ಹೆಣೆದಳು.

ಯಾರದು ಸರಿ? ಅತ್ತಿಗೇನ ನೋಡಿದಾಗ ಅತ್ತಿಗೆಯದೇ ಸರಿ ಅನ್ಸುತ್ತೆ. ಮನೆಗೆ ಬಂದ್ರೆ ಅಕ್ತರ್‌ದೇ ಸರಿ. ನಾನು ಎಲ್ಲಿ ಕೂತಿದೀನೋ ಅಲ್ಲೇ ಸರಿ ಇರುತ್ತೇನು?

೨೯ ಮಾರ್ಚ್, ಭಾನುವಾರ, ಸಂಜೆ

ಹಾರನಹಳ್ಳಿಗೆ ಹೋಗಿಬಂದೆ. ಅಂಗಿ ಅಳತೆ ತಗೊಳ್ಳೋದಿದೆ ಅಂತ ಅಕ್ತರ್‌ಗೆ ಹೇಳಿದ್ದೆ. ಸುಳ್ಳು. ಹೋಗಿದ್ದು ಮಂಚಯ್ಯನ ಕೇಳೋಕೆ. ಆ ದಿನದ ಗಾಡಿ ಅವನದೇ.

ಜಗಲಿ ಮೇಲೆ ಕೂತು ಹಗ್ಗ ಹೊಸೀತಿದ್ದ. ಈಗ ಗಾಡಿ ಹೊಡೆಯಲ್ಲ, ಸೊಂಟ ಹಿಡಿದಿದೆ. ಮಜ್ಜಿಗೆ ಕೊಡಿಸಿದ. ಕೇಳಿದೆ. ಹಗ್ಗ ಕೆಳಗಿಟ್ಟ.

“ಅದ್ಯಾಕ್ ಸಾಬ್ರೇ, ಈಗ ಕೇಳ್ತೀರಿ?”

ಸುಮ್ನೆ ಅಂದೆ.

“ನಿಮ್ಮಣ್ಣ ಏನಂದ್ರೋ ಗೊತ್ತಿಲ್ಲ, ಮನೆ ಒಳಗೆ ನಾ ಇರ್ನಿಲ್ಲ. ಆದ್ರೆ ಗಾಡಿ ವೊಂಟ್ ಮ್ಯಾಲೆ ನಿಮ್ಮತ್ಗೆಮ್ಮೋರು ಇಂದಿಂದೇನೇ ಓಡ್ಬಂದ್ರು ಕಣ್ರೀ. ಆ ಮಳೇಲಿ, ಬರಿಗಾಲಲ್ಲಿ. ಗಾಡಿ ನಿಲ್ಲಿಸ್ದೆ. ಕೂಸಿನ ಕಾಲ್ ಮುಟ್ಟಿ ಏನೋ ಅಂದ್ರು. ನಿಮ್ ಮಾತು ನಂಗೆ ಅರ್ದಂಬರ್ದ ಬತ್ತದೆ. ‘ಅಚ್ಛೀ ಹೋನೇ ತಕ್’ ಅಂದಂಗಿತ್ತು.”

‘ನನಗೆ ವಾಸಿ ಆಗೋವರೆಗೆ.’ ಅಷ್ಟೇ ಅರ್ಥ ಅದಕ್ಕೆ, ಬೇರೆ ಇಲ್ಲ.

ನಾನೇನಂದೆ ಅಂತ ಕೇಳಿದೆ.

“ನೀವು ‘ಹೂಂ’ ಅಂದ್ರಿ.”

ಬಿಸಿಲಲ್ಲಿ ನಡೆದೇ ಬಂದೆ.

೩೦ ಮಾರ್ಚ್, ಸೋಮವಾರ

ಅಕ್ತರ್‌ಗೆ ಹೇಳಿಲ್ಲ. ಅವಳು ಎಲ್ಲಿದ್ದಳು ಆಗ? ಪಕ್ಕದಲ್ಲೇ ಇರಬೇಕಲ್ಲ, ಕೂಸು ತೊಡೆ ಮೇಲೇ ಇತ್ತಲ್ಲ. ಅವಳಿಗೂ ಕೇಳಿಸಿರಬೇಕು. ಅಥವಾ ಮಳೆ ಸದ್ದಿಗೆ… ಅಥವಾ ಮಂಚಯ್ಯನೇ ತಪ್ಪು ಕೇಳಿಸಿಕೊಂಡನೋ. ಏಳು ವರ್ಷದ ಮಾತು.

ಗುಂಡಿ ಹಾಕೋ ಮೂರು ಕಾಜಾ ತಪ್ಪು ಜಾಗಕ್ಕೆ ಕತ್ತರಿಸಿದೆ ಇವತ್ತು.

೨೦ ಏಪ್ರಿಲ್, ಸೋಮವಾರ

ಅಣ್ಣನ ಕಾಗದ. ಸ್ಕೂಲಿಗೆ ರಜಾ ಕೊಟ್ಟ ಕೂಡಲೇ ಕಳಿಸು ಅಂತ. ಇನ್ನು ಇಟ್ಟುಕೊಂಡು ಕೂರೋಕೆ ಆಗಲಿಲ್ಲ, ಅಕ್ತರ್‌ಗೆ ಹೇಳಿಬಿಟ್ಟೆ. ಮಂಚಯ್ಯ ಅಂದಿದ್ದು, ನಾನು ಹೂಂ ಅಂದಿದ್ದು, ಎಲ್ಲ.

ಅಕ್ಕಿ ಆರಿಸ್ತಿದ್ದಳು. ಆರಿಸೋದು ನಿಲ್ಲಿಸಲಿಲ್ಲ.

“ಅವನನ್ನ ಕೇಳೋಕೆ ಯಾಕೆ ಹೋದ್ರಿ?” ಅಂದಳು. ಇಷ್ಟೇ.

ಅಂದ್ರೆ ಅವಳಿಗೆ ಗೊತ್ತಿತ್ತಾ? ಇಲ್ವಾ? ಕೇಳೋ ಧೈರ್ಯ ಆಗಲಿಲ್ಲ.

೩ ಮೇ, ಭಾನುವಾರ, ಮಧ್ಯಾಹ್ನ

ಕೊಪ್ಪಕ್ಕೆ ಬಿಟ್ಟುಬಂದೆ. ರಜಾ ಕಳೆಯೋಕೆ ಅಂತ ಅವಳು ತಿಳಕೊಂಡಿದಾಳೆ. ಮೋಟಾರಿನ ಕಿಟಕಿ ಪಕ್ಕ ಕೂತು ದಾರಿಯ ಮಾವಿನ ಮರ ಎಣಿಸಿದಳು. ನಲವತ್ತಾದ ಮೇಲೆ ಅವಳಿಗೆ ಎಣಿಕೆ ಬರಲ್ಲ, ಮತ್ತೆ ಒಂದರಿಂದ. ನಾನು ತಿದ್ದಲಿಲ್ಲ. ಎಣಿಕೇನೂ ತಿದ್ದಲಿಲ್ಲ, ರಜಾದ ಮಾತೂ ತಿದ್ದಲಿಲ್ಲ.

ಹೊರಡುವಾಗ, ಬರುವ ಭಾನುವಾರ ಬರ್ತೀರಾ ಅಂದಳು. ಹೂಂ ಅಂದೆ.

೧೦ ಜೂನ್, ಬುಧವಾರ

ಹೋಗಲಿಲ್ಲ. ಬರಬೇಡ, ಬಂದ್ರೆ ಮಗು ಅಲ್ಲಿ ಒಗ್ಗಲ್ಲ ಅಂತ ಅಣ್ಣ ಹೇಳಿಕಳಿಸಿದ.

ಮಳೆ ಹಿಡಿದಿದೆ. ಬಟ್ಟೆ ಒಣಗ್ತಿಲ್ಲ, ಇಸ್ತ್ರಿ ಕೆಂಡವೂ ಹೊತ್ತಿಕೊಳ್ತಿಲ್ಲ. ಸ್ಕೂಲು ಶುರುವಾಗಿದೆ. ಮೇಡಂ ಸುನಂದಮ್ಮನೋರು ಅಂಗಡಿ ಮುಂದೆ ನಿಂತು, ಜುಬೇದಾ ಯಾಕೆ ಬರ್ತಿಲ್ಲ ಅಂತ ಕೇಳಿದ್ರು. ಊರಲ್ಲಿಲ್ಲ ಅಂದೆ. ಯಾವಾಗ ಬರ್ತಾಳೆ ಅಂದ್ರು. ತಲೆ ಆಡಿಸಿದೆ. ಅದು ಯಾವ ಕಡೆ ಆಡಿತೋ ನನಗೇ ಗೊತ್ತಿಲ್ಲ.

ಅಕ್ತರ್ ಈಗಲೂ ಮೂವರಿಗೆ ಅಡುಗೆ ಮಾಡ್ತಾಳೆ. ಮಿಕ್ಕಿದ್ದನ್ನ ಬೆಳಗ್ಗೆ ತಾನೇ ತಿಂತಾಳೆ. ನನ್ನ ಜೊತೆ ಬೇಕಾದಷ್ಟೇ ಮಾತು — ಸಾರಿಗೆ ಉಪ್ಪು ಸಾಕಾ, ನೀರು ಕಾಯಿಸಲಾ. ಅಷ್ಟೇ.

೫ ಜುಲೈ, ಭಾನುವಾರ

ತಡೀಲಿಲ್ಲ. ಒಬ್ಬನೇ ಕೊಪ್ಪಕ್ಕೆ ಹೋದೆ. ಅಣ್ಣ ಕಿತ್ತಳೆ ವ್ಯಾಪಾರದ ಮೇಲೆ ಮಡಿಕೇರಿಗೆ ಹೋಗಿದ್ದ. ಒಳ್ಳೇದೇ ಆಯ್ತು.

ಓಡಿ ಬರ್ತಾಳೆ ಅಂದ್ಕೊಂಡಿದ್ದೆ. ಬರಲಿಲ್ಲ. ಕಂಬ ಹಿಡಿದು ನಿಂತಿದ್ದಳು. ಹೊಸ ಲಂಗ, ತುಂಬ ಉದ್ದ, ಯಾರೋ ಬೇರೆ ಟೈಲರ್ ಹೊಲಿದಿದ್ದು. ಹತ್ತಿರ ಹೋದೆ. ಮೆಲ್ಲಗೆ ಕೇಳಿದಳು:

“ಅಬ್ಬಾ, ನಾನೇನು ತಪ್ಪು ಮಾಡಿದೆ?”

ಏನೂ ಇಲ್ಲಮ್ಮ ಅಂದೆ. ನಂಬಲಿಲ್ಲ. ಅವರೆಕಾಳು ಹೊಡೆದಿದ್ದಕ್ಕಾ ಅಂದಳು.

ನಾನು ಕೆಟ್ಟವನೋ ದಡ್ಡನೋ ತಿಳೀತಿಲ್ಲ.

ಅತ್ತಿಗೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಮೋಟಾರಿಗೆ ಬಿಡೋಕೆ ಬರುವಾಗ ಹೇಳಿದಳು — ಮಗು ಅವಳನ್ನ ಏನಂತಲೂ ಕರೆಯಲ್ವಂತೆ. ಬಡೀಮಾ ಅನ್ನೋದೂ ಬಿಟ್ಟಿದಾಳೆ. “ಕೇಳಿ ಇಲ್ಲಿ” ಅಂತಾಳಂತೆ. ಅಂಗಡಿಯವರನ್ನ ಕರೆದ ಹಾಗೆ.

೧೬ ಆಗಸ್ಟ್, ಭಾನುವಾರ

ಹನ್ನೊಂದು ಗಂಟೆ ಮೋಟಾರಿನಿಂದ ಅತ್ತಿಗೆ ಇಳಿದಳು. ಜೊತೆಗೆ ಜುಬೇದಾ. ಒಂದು ಟ್ರಂಕು. ಅಣ್ಣ ಇಲ್ಲ. ಏನಾಯ್ತು ಅಂದೆ. “ನೀವು ಕೆಲಸ ನೋಡ್ಕೊಳ್ಳಿ ಸತ್ತಾರ್” ಅಂದು ಒಳಗೆ ಹೋದಳು. ಜುಬೇದಾ ಹಿತ್ತಲಿಗೆ ಓಡಿ ಕೋಳಿಮರಿ ಎಣಿಸ್ತಿದಾಳೆ.

ಅಡುಗೆಮನೆ ಬಾಗಿಲು ಮುಂದೆ ಮಾಡಿದ್ರು. ಜಗಳದ ದನಿ ಬರುತ್ತೆ ಅಂತ ಕಿವಿ ಇಟ್ಟುಕೊಂಡೇ ಕೂತೆ. ಬಂದಿದ್ದು ಒಗ್ಗರಣೆ ಸದ್ದು.

೧೮ ಆಗಸ್ಟ್, ಮಂಗಳವಾರ

ಇನ್ನೂ ಇಲ್ಲೇ ಇದಾಳೆ. ನಾನು ಅಂಗಡೀಲೇ ಮಲಗ್ತೀನಿ. ಊಟದ ತಟ್ಟೆ ಇಲ್ಲಿಗೇ ಬರುತ್ತೆ. ಇವತ್ತು ಮಧ್ಯಾಹ್ನ ಇಬ್ಬರೂ ನಕ್ಕಿದ್ದು ಕೇಳಿಸ್ತು. ಯಾವುದಕ್ಕೆ? ಹೋದ ತಿಂಗಳು ಅತ್ತಿಗೆ ಹೆಸರೆತ್ತಿದ್ರೆ ಅಕ್ತರ್ ಎದ್ದು ಹೋಗ್ತಿದ್ದಳು.

ಸಂಜೆ ನೀರು ಕೇಳೋಕೆ ಹೋದವನು ಬಾಗಿಲಲ್ಲೇ ನಿಂತೆ. ಅತ್ತಿಗೆ ಹೇಳ್ತಿದ್ದಳು:

“ವಾಸಿ ಆಗೋವರೆಗೆ ಅಂತ ಅಂದಿದ್ದು ನಿಜ ಅಕ್ತರ್. ಒಂದೇ ವರ್ಷದಲ್ಲಿ ವಾಸಿ ಆಯ್ತು. ಆಮೇಲೂ ನಾನು ಕರಕೊಂಡು ಹೋಗೋಕೆ ಬರಲಿಲ್ಲ, ಅದೂ ನಿಜ. ನಿನ್ನ ತೊಡೆ ಮೇಲೆ ಅವಳನ್ನ ನೋಡಿ ಕೇಳೋಕೆ ಬಾಯಿ ಬರಲಿಲ್ಲ. ಆಮೇಲೆ ರೂಢಿ ಆಗೋಯ್ತು.”

ಅಕ್ತರ್ ಒಲೆಯ ಸೌದೆ ಮುಂದೆ ತಳ್ಳಿದಳು. ಆಮೇಲೆ ಅಂದಳು: “ಗಾಡೀಲಿ ನೀವು ಅಂದಿದ್ದು ನನಗೂ ಕೇಳಿಸಿತ್ತು ಭಾಭಿ. ಕೇಳಿಸಿಲ್ಲ ಅಂತ ಇದ್ದುಬಿಟ್ಟೆ.”

ನೀರು ಕೇಳದೆ ವಾಪಸ್ ಬಂದೆ.

೨೩ ಆಗಸ್ಟ್, ಭಾನುವಾರ

ಅತ್ತಿಗೆ ಹೊರಟಳು. ಜುಬೇದಾ ಇಲ್ಲೇ. ಟ್ರಂಕಿನಲ್ಲಿ ಇದ್ದಿದ್ದೆಲ್ಲ ಮಗೂದೇ ಬಟ್ಟೆ.

ಹೆಂಗಸರಿಬ್ಬರೂ ಮಾಡಿರೋ ತೀರ್ಮಾನ ಅಕ್ತರ್ ಹೇಳಿದ್ದು: ಸ್ಕೂಲು ಇಲ್ಲಿ. ದಸರಾ ರಜಾ, ಬೇಸಿಗೆ ರಜಾ ಕೊಪ್ಪದಲ್ಲಿ, ಮೊದಲ ಕೆಲವು ಸಲ ಅಕ್ತರೂ ಅಲ್ಲೇ ಇರ್ತಾಳೆ. ಯಾರು ಹೆತ್ತಿದ್ದು ಅನ್ನೋದನ್ನ ಮಗೂಗೆ ಹೇಳಿ ಆಗಿದೆ. ನಿನ್ನೆ ಮಧ್ಯಾಹ್ನ, ಇಬ್ಬರ ಮಧ್ಯೆ ಕೂರಿಸಿಕೊಂಡು.

ನನ್ನನ್ನ ಯಾಕೆ ಕರೀಲಿಲ್ಲ ಅಂದೆ. “ಮಷೀನು ಓಡ್ತಿತ್ತಲ್ಲ” ಅಂದಳು.

ಮಗು ಅತ್ತಳಾ? ಇಲ್ವಂತೆ. ಹಾಗಾದ್ರೆ ಎರಡು ಕಡೇನೂ ಈದಿಗೆ ಹೊಸಬಟ್ಟೆ ಸಿಗುತ್ತಾ ಅಂತ ಕೇಳಿದಳಂತೆ. ಸಂಜೆವರೆಗೂ ಅತ್ತಿಗೆ ಸೆರಗು ಹಿಡಕೊಂಡೇ ಓಡಾಡಿದಳಂತೆ. ನಿದ್ದೆಗೆ ಮಾತ್ರ ಅಕ್ತರ್ ಪಕ್ಕ.

ಇದರಲ್ಲಿ ಗೆದ್ದಿದ್ದು ಯಾರು? ಸೋತಿದ್ದು ಯಾರು? ಲೆಕ್ಕ ಹತ್ತಲ್ಲ ನನಗೆ. ಮೋಟಾರು ಹೊರಟಾಗ ಅತ್ತಿಗೆ ಕಣ್ಣಲ್ಲಿ ನೀರಿತ್ತು. ಮನೆಗೆ ಬಂದ್ರೆ ಅಕ್ತರ್ ಕಣ್ಣಲ್ಲೂ.

೧೧ ಸೆಪ್ಟೆಂಬರ್, ಶುಕ್ರವಾರ

ಅಣ್ಣ ಬಂದಿದ್ದ. ಜಗಳ ಆಡ್ತಾನೆ ಅಂದ್ಕೊಂಡೆ. ಅಂಗಡೀಲಿ ಕೂತ. ಕೋಟಿಗೆ ಅಳತೆ ತಗೋ ಅಂದ. ತಗೊಂಡೆ. ಎದೆ ಸುತ್ತಳತೆ ಒಂದೂವರೆ ಇಂಚು ಕಮ್ಮಿಯಾಗಿದೆ.

ಎರಡೂ ಕೈ ಅಗಲಿಸಿ ನಿಂತಿದ್ದಾಗ ಕೇಳಿದ: “ಹೆಂಗಸರು ಏನು ಮಾತಾಡಿಕೊಂಡ್ರು ಅಂತ ನಿನಗೇನಾದ್ರೂ ಗೊತ್ತಾ?”

ಇಲ್ಲ ಅಂದೆ.

“ನನಗೂ ಇಲ್ಲ” ಅಂದ.

ಮಗು ಸ್ಕೂಲಿಂದ ಬರೋವರೆಗೂ ಕೂತಿದ್ದ. ಸ್ಲೇಟು ತೋರಿಸಿದಳು. ಕೈ ಹಿಡಕೊಂಡು ಮೋಟಾರಿನವರೆಗೂ ಹೋದಳು. ಏನಂತ ಕರೆದಳೋ ದೂರದಿಂದ ಕೇಳಿಸಲಿಲ್ಲ.

೧ ನವೆಂಬರ್, ಭಾನುವಾರ, ಸಂಜೆ

ದಸರಾ ರಜಾ ಮುಗಿಸಿಕೊಂಡು ಅಕ್ತರ್, ಜುಬೇದಾ ಇಬ್ಬರೂ ಮೊನ್ನೆ ಬಂದ್ರು. ರಾಗಿ ಹೊಲದ ಮೇಲೆ ಬೆಳಗ್ಗೆ ಮಂಜು ಕೂರೋಕೆ ಶುರುವಾಗಿದೆ. ರಂಜಾನ್ ಉಪವಾಸ ಶುರುವಾಗೋಕೆ ಎರಡೇ ವಾರ. ಅಂಗಡಿ ತುಂಬ ಬಟ್ಟೆ. ಅಕ್ತರ್ ಕಾಜಾ ಹಾಕಿಕೊಡ್ತಿದಾಳೆ, ಮೊದಲಿನ ಹಾಗೆ ನನ್ನ ಪಕ್ಕದಲ್ಲೇ ಕೂತು. ಅವಳು ನನ್ನ ಮೇಲಿನ ಕೋಪ ಬಿಟ್ಟಿದಾಳೋ, ಕೆಲಸ ಜಾಸ್ತಿ ಇದೆ ಅಂತ ಪಕ್ಕಕ್ಕಿಟ್ಟಿದಾಳೋ…

ಜುಬೇದಾ ಮಷೀನಿನ ಹತ್ತಿರ ಬಂದು ನಿಂತಳು. ಏನೋ ಯೋಚನೆ ಮಾಡಿಯೇ ಬಂದ ಹಾಗಿತ್ತು.

“ಅಬ್ಬಾ, ಇನ್ನೊಂದು ಸಲ ಯಾರಾದ್ರೂ ನನ್ನ ಕಳಿಸಿ ಅಂತ ಕೇಳಿದ್ರೆ, ನೀವು ಹೂಂ ಅಂತೀರಾ?”

ಮಷೀನು ತುಳೀತಿದ್ದ ಕಾಲು ನಿಂತುಹೋಯ್ತು. ಅಕ್ತರ್ ಸೂಜಿ ಹಿಡಿದವಳು ಹಾಗೇ ನೋಡ್ತಿದ್ದಳು.

ನಿನ್ನ ಕೇಳದೆ ಅನ್ನಲ್ಲ ಅಂದೆ.

“ಮರೆತುಹೋಗ್ತೀರಿ. ಬರೆದಿಡಿ” ಅಂದಳು.

ಬರೆದಿದೀನಿ — ಜುಬೇದಾನ ಕೇಳದೆ ಅನ್ನಲ್ಲ. ಈಗ ನನ್ನ ಭುಜದ ಮೇಲೆ ಗದ್ದ ಊರಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದ್ತಿದಾಳೆ. ‘ಜು’ ಆಯ್ತು. ‘ಬೇ’ ಆಯ್ತು. ಬೆರಳು ಹಸಿ ಮಸೀಗೆ ತಗಲಿ ಸಾಲೆಲ್ಲ—